ರೈಸರ್

ಉದ್ಯಮಬಾಗದಲ್ಲಿ ಆ ಚಳಿಗಾಲ
ಕುಪೋಲಾ ಹದಿನೇಳು ದಿನ ತಣ್ಣಗಿತ್ತು.
ಜರ್ಮನಿಯಿಂದ ಬಂದ ಫ್ಯಾಕ್ಸಿನಲ್ಲಿ ಒಂದೇ ಸಾಲು:
ಮುಂದಿನ ಸೂಚನೆಯವರೆಗೆ ಪಂಪಿನ ಕವಚ ಬೇಡ.
ಅಮೆರಿಕದಲ್ಲಿ ಯಾರದೋ ಮನೆ ಬ್ಯಾಂಕಿನ ಪಾಲಾಯಿತಂತೆ,
ಅದಕ್ಕೆ ಅಪ್ಪ ಅನಗೋಳದಲ್ಲಿ ಮನೆ ಹಿಡಿದು ಕೂತ.
ನನಗಾಗ ಹನ್ನೊಂದು. ನಕಾಶೆ ಹರವಿ
ಎರಡು ಊರಿನ ನಡುವೆ ಗೇಣು ಹಾಕಿ ಅಳೆದೆ.
ಎರಡೂವರೆ ಗೇಣು.

ಅವ್ವನ ಭಿಶಿಯಲ್ಲಿ ಹನ್ನೆರಡು ಹೆಂಗಸರು,
ತಿಂಗಳಿಗೆ ಐನೂರು, ಬಿಸ್ಕೀಟಿನ ಡಬ್ಬಿಯಲ್ಲಿ ಚೀಟಿ.
ಎತ್ತುವ ಕೈ ನನ್ನದು,
ಸಣ್ಣ ಕೈಗೆ ತನ್ನವರು ಪರರು ಗೊತ್ತಾಗುವುದಿಲ್ಲವೆಂದು.
(ಗೊತ್ತಾಗುತ್ತಿತ್ತು. ಮಡಿಕೆಯ ಮೇಲೆ ನನಗೆ ಗುರುತಿತ್ತು.)
ಹತ್ತನೇ ತಾರೀಖು ಮೆಹರುನ್ನಿಸಾ ಬೇಪಾರಿ
ಡಬ್ಬಿಯ ಮೇಲೆ ಅಂಗೈ ಇಟ್ಟಳು:
"ಈ ಸರ್ತಿ ಚೀಟಿ ಬ್ಯಾಡ್ರೆವಾ.
ಯಾರ ಒಲಿ ಆರೇತಿ, ಅವರ ಬಾಯಿ ಬಿಟ್ಟು ಹೇಳ್ರಿ."

ಬಾಯಿ ಬಿಡುವುದು ಐನೂರಕ್ಕಿಂತ ಭಾರ.
ಎಷ್ಟೋ ಹೊತ್ತು ಗಡಿಯಾರವೊಂದೇ ಮಾತಾಡಿತು.
ಕಡೆಗೆ ಸುಗಂಧಾ ಹಲಗೇಕರ, ಸೆರಗಿನ ತುದಿ ಬೆರಳಿಗೆ ಸುತ್ತುತ್ತ,
ಮರಾಠಿಯಲ್ಲಿ ಅರ್ಧ ಹೇಳಿದಳು.
ಉಳಿದರ್ಧ ಯಾರೂ ಕೇಳಲಿಲ್ಲ.
ಕಂತು ಕಟ್ಟಲಾಗದ ಮೂವರ ಪಾಲನ್ನು
ಮಿಕ್ಕವರು ಹಂಚಿಕೊಂಡರು.
ಸಕ್ಕರೆಯಿಲ್ಲದ ಚಹಾ ಕುಡಿದು
ಪದ್ಮಾವತಿ ಚೌಗುಲೆ, ಇದs ಚೊಲೋ, ಎಂದಳು.

ರಾತ್ರಿ ಅಪ್ಪ ನನ್ನ ಲೆಕ್ಕದ ವಹಿಯ ಹಿಂದಿನ ಪುಟದಲ್ಲಿ
ಒಂದು ಅಚ್ಚು ಬರೆದು ತೋರಿಸಿದ:
"ಬೀಡ ಆರೂ ಮುಂದ ಕುಗ್ಗತೈತಿ ಮಗಳ.
ಒಳಗ ಟೊಳ್ಳ ಬೀಳತೈತಿ, ಮ್ಯಾಲ ಕಾಣಂಗಿಲ್ಲ.
ಅದಕ್ಕ ಮಗ್ಗಲಕ್ಕ ಒಂದು ರೈಸರ್ ಇಡತೀವಿ.
ಅದು ಎಲ್ಲಾದಕ್ಕಿಂತ ಕಡೀಕ ಆರಬೇಕು.
ತನ್ನ ರಸಾ ಇದಕ್ಕ ಕುಡಿಸಿ
ತಾ ನೆತ್ತಿ ಕುಸೀತೈತಿ."
ಆಮೇಲೆ?
"ಆಮೇಲ ಹೊಡದು ತಗಿತೀವಿ. ಮತ್ತ ಕುಪೋಲಾಕ್ಕ."

ಮಾರ್ಚಿನಲ್ಲಿ ಸುಗಂಧಾಳ ಮನೆಗೆ ಬೀಗ.
ಇಚಲಕರಂಜಿ ಅಂದರು ಒಬ್ಬರು, ಪುಣೆ ಅಂದರು ಇನ್ನೊಬ್ಬರು.
ಏಳು ಕಂತು ಬಾಕಿ.
ಜಗಳವಾಯಿತು, ಸುಳ್ಳೇಕೆ ಹೇಳಲಿ.
ನಳದ ಹತ್ತಿರ ಮೆಹರುನ್ನಿಸಾಳ ಕೊಡಕ್ಕೆ
ಎರಡು ತಿಂಗಳು ಯಾರೂ ಕೈ ಹಚ್ಚಲಿಲ್ಲ.
ಭಿಶಿಯ ಪುಸ್ತಕದಲ್ಲಿ ನಾನು 'ಮುಳುಗಿತು' ಎಂದು ಬರೆದೆ.
ಅವ್ವ ರಬ್ಬರು ಕೈಗಿತ್ತು ನಿಂತಳು:
"ಮುಳುಗಿಲ್ಲ. ನಿಂತೈತಿ ಅಂತ ಬರಿ."

ಈಗ ನಾನು ದೇಶಗಳ ಸಭೆಯ ಕಾಗದ ಕನ್ನಡಕ್ಕೆ ತರುತ್ತೇನೆ,
ಪುಟಕ್ಕೆ ಇಷ್ಟು ಎಂದು.
ಅಭಿವೃದ್ಧಿಗೆ ಹಣಕಾಸು. ರಿಯಾಯಿತಿ ಸಾಲ. ಹಂಚಿಕೊಂಡ ಹೊಣೆ.
ಕೊಡುವೆವೆಂದದ್ದು ಎಡಗಡೆ, ಕೊಟ್ಟದ್ದು ಬಲಗಡೆ,
ನಡುವಿನ ಬಿಳಿ ಜಾಗಕ್ಕೆ ಹೆಸರಿಲ್ಲ.
ಅಲ್ಲಿಯೂ ಗಡಿಯಾರ ಇರಬೇಕು ಗೋಡೆಗೆ.
ಅಲ್ಲಿಯೂ ಯಾವುದೋ ಸಣ್ಣ ದೇಶ
ಸೆರಗಿನ ತುದಿ ಸುತ್ತುತ್ತ ಅರ್ಧ ಹೇಳಿ,
ಉಳಿದರ್ಧಕ್ಕೆ ನಲವತ್ತು ಅನುಬಂಧ ಕೇಳಿಸಿಕೊಂಡಿರಬೇಕು.

'ಜಾಮೀನು' ಬಂದಲ್ಲಿ ಪೆನ್ನು ನಿಂತು
ಅಡುಗೆಮನೆಯತ್ತ ಕೂಗಿದೆ:
ಅವ್ವಾ, ನಿಮ್ಮ ಭಿಶಿಗೆ ಜಾಮೀನೇನಿತ್ತು?
"ಜಾಮೀನೆಲ್ಲೀದು? ಬಾಗಲಾ ಎದುರಾಬದುರು ಇದ್ದೂವು."
ಒಗ್ಗರಣೆಯ ಸದ್ದಿನಲ್ಲಿ ಮುಂದಿನದು ಕೇಳಲಿಲ್ಲ.

ಫ್ಯಾನಿಗೆ ಹಾರದಂತೆ ಎಪ್ಪತ್ತೆರಡು ಪುಟಗಳ ಮೇಲೆ
ಅಪ್ಪ ತಂದಿಟ್ಟ ರೈಸರಿನ ತುಂಡು,
ಅದೊಂದು ಹೇಗೋ ಕುಪೋಲಾಕ್ಕೆ ಮರಳಲಿಲ್ಲ.
ಕುಸಿದ ನೆತ್ತಿಯಲ್ಲಿ ಎರಡು ಗುಂಡುಪಿನ್ನು, ಒಂದು ರಬ್ಬರು.
ಐವತ್ತನೇ ಪುಟ: ಬಡ ದೇಶಗಳ ಸಾಲದ ಕಂತು
ಸದ್ಯಕ್ಕೆ ಅಮಾನತಿನಲ್ಲಿದೆ.
ಅಮಾನತು ಹೊಡೆದುಹಾಕಿ ಬರೆದೆ: ನಿಂತಿದೆ.
ತಿದ್ದುವವರು ತಿದ್ದಿಯಾರು.